ಬೆಕ್ಕು ಕಣ್ಣು ಬಿಟ್ಟ ನಕ್ಷೆ

"ಬೆಕ್ಕು ಎದ್ದುಬಿಟ್ಟಿದೆ," ಎಂದರು ಡ್ರಾಯಿಂಗ್ ಮೇಷ್ಟ್ರು.

ಅಷ್ಟು ಹೇಳಿ ಮೇಜಿನಿಂದ ಹಿಂದೆ ಸರಿದು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು. ಬೆಕ್ಕು ಆಗಲೂ ಎದ್ದೇ ಇತ್ತು.

ಅತ್ತಿಗೆ ಮೇಜಿನ ಮೇಲೆ ಬಗ್ಗಿದಳು. ಕಳೆದ ವಾರ ಮೇಷ್ಟ್ರ ಈ ಚಿತ್ರದ ಕೋಣೆಯಿಂದ ಮಾಯವಾಗಿದ್ದ 'ಬೆಕ್ಕಿನ ನಾಡು' ಎಂಬ ನಕ್ಷೆ ಇವತ್ತು ಬೆಳಗ್ಗೆ ತಾನಾಗಿಯೇ ಮನೆಗೆ ಬಂದಿತ್ತು. ಉದ್ದನೆಯ ರಟ್ಟಿನ ಕೊಳವೆಯೊಳಗೆ ಸುರುಳಿ ಸುತ್ತಿಕೊಂಡು, ಮುಂಬಾಗಿಲ ಹಿಡಿಗೆ ನೇತಾಡುತ್ತಿತ್ತು. ಕಳುವಾದದ್ದು ಸಿಕ್ಕಿತಲ್ಲ, ಎರಡು ಒಳ್ಳೆಯ ಮಾತಾಡಿ ಹೊರಟುಬಿಡೋಣ ಎಂದುಕೊಂಡೇ ಅತ್ತಿಗೆ ಬಂದಿದ್ದಳು. ಆದರೆ ಕೊಳವೆ ಬಿಚ್ಚಿದಾಗ ಹೀಗಾಗಿತ್ತು.

ಊರಿಗೆಲ್ಲ ಆಕೆ ಅತ್ತಿಗೆಯೇ. ಪತ್ತೇದಾರಿ ಕಚೇರಿ ತೆರೆದ ದಿನದಿಂದ ಜೊತೆಗಿದ್ದ ಮೈದುನ ಗಿರಾಕಿಗಳ ಎದುರೂ "ಅತ್ತಿಗೆ, ಅತ್ತಿಗೆ" ಎಂದು ಕರೆದೂ ಕರೆದೂ, ಕೊನೆಗೆ ಠಾಣೆಯ ಇನ್‌ಸ್ಪೆಕ್ಟರ್ ಕೂಡ "ಅತ್ತಿಗೆಯವರೇ, ಒಂದು ಸಹಾಯ ಆಗ್ಬೇಕಿತ್ತು" ಎಂದು ಫೋನು ಮಾಡುವಂತಾಗಿತ್ತು. ಆ ಮೈದುನನನ್ನು ಈಗಷ್ಟೇ ಸ್ಕೂಟರಿನಲ್ಲಿ ಕಚೇರಿಗೆ ಓಡಿಸಿದ್ದಳು, ದೊಡ್ಡ ಭೂತಗನ್ನಡಿ ತರಲು.

"ಎದ್ರೆ ಏನಾಯ್ತು ಬಿಡಿ ಮೇಷ್ಟ್ರೇ," ಎಂದರು ಮೇಷ್ಟ್ರ ನಕ್ಷೆಗಳ ಪುಸ್ತಕ ಹೊರತರುತ್ತಿದ್ದ ಪ್ರಕಾಶಕರು, ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತ. "ಸಂಜೆಯೊಳಗೆ ಇದು ಪ್ರೆಸ್ಸಿಗೆ ಹೋಗ್ಲೇಬೇಕು. ನನ್ನ ಕೇಳಿದ್ರೆ ಎದ್ದಿರೋ ಬೆಕ್ಕೇ ಚೆಂದ."

"ನಿಮಗೆ ಚೆಂದ. ಅದರ ಬೆನ್ನ ಮೇಲೆ ಮನೆ ಕಟ್ಕೊಂಡಿರೋರ ಗತಿ ಏನು?"

ಮೇಷ್ಟ್ರು ತಮಾಷೆಗೆ ಕೇಳಿದ್ದಲ್ಲ. ಬೆಕ್ಕಿನ ನಾಡು ಯಾವ ಭೂಪಟದಲ್ಲೂ ಸಿಗುವ ದೇಶವಲ್ಲ. ಅವರು ಒಂಬತ್ತು ವರ್ಷ ಕೂತು ತಲೆಯಿಂದ ಕಾಗದಕ್ಕೆ ಇಳಿಸಿದ ಹನ್ನೆರಡು ನಾಡುಗಳಲ್ಲಿ ಒಂದು. ಕಡಲ ನಡುವೆ ಮೈ ಮುದುಡಿ ಮಲಗಿದ ಬೆಕ್ಕು. ಬೆನ್ನುಮೂಳೆಯೇ ಪರ್ವತಸಾಲು, ಪಕ್ಕೆಲುಬುಗಳ ನಡುವೆ ಹೊಳೆಗಳು, ಕಿವಿಗಳು ಜೋಡಿ ಗುಡ್ಡ, ಮೀಸೆಗಳು ಕಡಲಿಗೆ ಚಾಚಿದ ಮರಳದಿಬ್ಬ. ಮಡಚಿದ ಮುಂಗಾಲ ಸಂದಿಯಲ್ಲಿ ಬಂದರು. ಹೊಟ್ಟೆಯ ಬಯಲಿಗೆ 'ಬೆಚ್ಚನೆ ಸೀಮೆ' ಎಂದು ಹೆಸರು. ಅಲ್ಲಿಯವರು ಕಂಬಳಿಯನ್ನೇ ಕಂಡಿಲ್ಲವಂತೆ. ಗಂಟಲ ಹತ್ತಿರದ್ದು 'ಗುರುಗುಟ್ಟುವ ಕೊಲ್ಲಿ'.

ಆಮೆಯ ನಾಡಿನಲ್ಲಿ ಚಿಪ್ಪಿನ ಒಂದೊಂದು ತುಂಡೂ ಬೇಲಿ ಹಾಕಿದ ಹೊಲ. ಗೂಬೆಯ ನಾಡಿನಲ್ಲಿ ಗರಿಗಳೆಲ್ಲ ಕಾಡು. ಬಸವನಹುಳುವಿನ ನಾಡಿನಲ್ಲಿ ಪೇಟೆಗೆ ಹೊರಟವರು ಚಿಪ್ಪಿನ ರಸ್ತೆಯಲ್ಲಿ ಸುತ್ತಿ ಸುತ್ತಿ, ತಲುಪುವ ಹೊತ್ತಿಗೆ ಏನು ಕೊಳ್ಳಲು ಬಂದೆವೆಂಬುದನ್ನೇ ಮರೆತಿರುತ್ತಾರೆ.

ಹನ್ನೆರಡರಲ್ಲೂ ಒಂದೇ ಕಟ್ಟಳೆ: ಪ್ರಾಣಿ ಮಲಗಿರಬೇಕು. ಮಲಗಿದ ಪ್ರಾಣಿಯ ಮೇಲೆ ಮಾತ್ರ ಜನ ನೆಮ್ಮದಿಯಾಗಿ ಊರು ಕಟ್ಟಿಯಾರು, ಎದ್ದರೆ ಭೂಕಂಪ, ಎಂದು ಮೇಷ್ಟ್ರು ಮುನ್ನುಡಿಯಲ್ಲೇ ಬರೆದಿದ್ದರು.

ಈಗ ಬೆಕ್ಕಿನ ಮುಖದಲ್ಲಿ, ಮುಚ್ಚಿದ ರೆಪ್ಪೆಯಂತೆ ಬಾಗಿ ಚಾಚಿದ್ದ ತೆಳುವಾದ ಕೆರೆಯ ಜಾಗದಲ್ಲಿ, ದುಂಡನೆಯ ಹಸಿರು ಸರೋವರವಿತ್ತು. ನಡುವೆ ಸೀಳಿನಂಥ ಕಪ್ಪು ನಡುಗಡ್ಡೆ. ಆ ಕಣ್ಣು ನೇರವಾಗಿ ಅತ್ತಿಗೆಯನ್ನೇ ನೋಡುತ್ತಿತ್ತು.

"ಮೇಷ್ಟ್ರೇ, ನಿಮ್ಮ ಇನ್ನೊಂದು ಕನ್ನಡಕ ಇದ್ರೆ ಕೊಡಿ."

ಅತ್ತಿಗೆ ತನ್ನ ಕನ್ನಡಕದ ಮೇಲೆ ಅವರದನ್ನೂ ಏರಿಸಿಕೊಂಡು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದಳು. ಸರೋವರದ ದಡದಲ್ಲಿ ಜನರಿದ್ದರು. ಎಳ್ಳಿಗಿಂತ ದೊಡ್ಡವರಲ್ಲ, ಕೂದಲೆಳೆಯಂಥ ಮಸಿಗೆರೆಯಲ್ಲಿ ಬರೆದವರು. ಎಲ್ಲರೂ ಮನೆಯಿಂದ ಹೊರಗೆ ಬಂದು ಓಡುತ್ತಿದ್ದರು. ಒಬ್ಬ ಹಾಸಿಗೆ ಹೊತ್ತಿದ್ದ. ಒಬ್ಬಳು ಮಗುವನ್ನು ಬಗಲಿಗೇರಿಸಿ ಇನ್ನೊಂದು ಕೈಯಲ್ಲಿ ಕುರ್ಚಿ ಎಳೆದೊಯ್ಯುತ್ತಿದ್ದಳು. ಹಿಂದೆ ಬಿದ್ದ ಮುದುಕನ ಕಂಕುಳಲ್ಲಿ ಒಂದು ಕೋಳಿ.

ಅತ್ತಿಗೆಗೆ ನಗು ಬಂತು, ತಡೆದುಕೊಂಡಳು. ಮೇಷ್ಟ್ರಿಗೆ ತೋರಿಸಿದಾಗ ಅವರೂ ನಕ್ಕರು. ನಕ್ಕದ್ದಕ್ಕೆ ತಮ್ಮ ಮೇಲೇ ಸಿಟ್ಟಾದರು.

"ಇದನ್ನು ಬರೆದದ್ದು ನೀವಲ್ಲ?"

"ನನ್ನ ಕೈ ನೋಡಿ." ಮೇಷ್ಟ್ರು ಬಲಗೈ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಸಣ್ಣಗೆ ನಡುಗುತ್ತಿದ್ದವು. "ಈಗ ಒಂದು ವರ್ಷದಿಂದ ಹೀಗೆ. ದೊಡ್ಡ ಗೆರೆ ಎಳೀತೀನಿ. ಇಂಥದ್ದು ಆಗಲ್ಲ."

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಅರವತ್ತು ದಾಟಿದ, ದುಂಡು ಮುಖದ, ಮಾತಿಗೆ ಮೊದಲೇ ನಗುವ ಹೆಂಗಸು. ಚಿತ್ರದ ಕೋಣೆಯೊಳಗೆ ಚಹಾ ತರಬಾರದೆಂಬುದು ಈ ಮನೆಯ ಕಾನೂನು. ಹಾಗಾಗಿ ಹೊಸ್ತಿಲಾಚೆಯೇ ನಿಂತಿದ್ದರು.

"ಬನ್ನಿ, ಹೊರಗೆ ಕುಡಿದು ಹೋಗಿ. ಇವರ ದೇಶಕ್ಕೆಲ್ಲ ಇವರೇ ರಾಜರು, ಕಸ ಗುಡಿಸೋಳು ಮಾತ್ರ ನಾನು," ಎಂದರು. ಆಮೇಲೆ ಮೇಜಿನ ಕಡೆ ಕತ್ತು ಚಾಚಿ, "ಯಾರು ಬರೆದ್ರೋ, ಆ ಕೋಳಿ ಮಾತ್ರ ಚೆನ್ನಾಗಿದೆ," ಎಂದರು.

ಹೊಸ್ತಿಲಿನಿಂದ ಮೇಜಿಗೆ ಒಳ್ಳೆಯ ದೂರವಿತ್ತು. ಅತ್ತಿಗೆ ಎರಡು ಕನ್ನಡಕಗಳ ಮೂಲಕ ತಲೆಯೆತ್ತಿ ಒಮ್ಮೆ ನೋಡಿದಳು. ಮಬ್ಬು ಮಬ್ಬಾದ ಒಂದು ನಗುಮುಖ ಕಂಡಿತು. ಮತ್ತೆ ಬಗ್ಗಿದಳು.

ಮೊದಲು ಪ್ರಕಾಶಕರ ಸರದಿ.

"ಸ್ವಾಮಿ, ನೀವು ಈ ಬೆಕ್ಕಿನ ಕಣ್ಣು ಬಿಡಿಸಿ ಅಂತ ಮೇಷ್ಟ್ರಿಗೆ ದುಂಬಾಲು ಬಿದ್ದಿದ್ರಂತೆ."

"ಬಿದ್ದಿದ್ದೆ. ಸುಳ್ಳು ಯಾಕೆ ಹೇಳ್ಲಿ? ಮುಖಪುಟದಲ್ಲಿ ತೂಕಡಿಸೋ ಬೆಕ್ಕು ಇದ್ರೆ ಓದೋರಿಗೂ ತೂಕಡಿಕೆ ಬರುತ್ತೆ. ಆದ್ರೆ ನನಗೆ ಒಂದು ನೆಟ್ಟಗಿನ ಗೆರೆ ಎಳೆಯೋಕೂ ಬರಲ್ಲ."

"ಬೇರೆಯವರ ಕೈಲಿ ಬರೆಸಬಹುದಲ್ಲ. ಇರಲಿ. ಈ ನಾಡಿನ ಬೆಕ್ಕು ಎದ್ರೆ ಏನಾಗುತ್ತೆ?"

ಪ್ರಕಾಶಕರು ಯೋಚಿಸಿದರು. "ಹಾಲು ಕುಡಿಯುತ್ತೆ."

ಮೇಷ್ಟ್ರು ಹಣೆ ಹಿಡಿದುಕೊಂಡರು. "ನನ್ನ ಮುನ್ನುಡಿ ಓದಿಲ್ವಾ ನೀವು?"

"ಓದೋನಿದ್ದೆ."

ಅತ್ತಿಗೆ ಮನಸ್ಸಿನಲ್ಲೇ ಅವರ ಹೆಸರಿಗೆ ಗೀಟು ಹಾಕಿದಳು. ಹಾಸಿಗೆ ಹೊತ್ತು ಓಡುವ ಜನರನ್ನು ಬರೆದವರಿಗೆ ಈ ನಾಡಿನ ಕಟ್ಟಳೆ ಚೆನ್ನಾಗಿ ಗೊತ್ತು. ಗೊತ್ತಿರುವುದಷ್ಟೇ ಅಲ್ಲ, ಅದರ ಮೇಲೆ ಪ್ರೀತಿಯೂ ಇದೆ. ಇದು ಹೊರಗಿನವರ ಕೆಲಸವಲ್ಲ.

ಪ್ರಕಾಶಕರ ಬಳಿ ನಕ್ಷೆಯ ಹಳೆಯ ನಕಲೊಂದಿತ್ತು, ಜಾಹೀರಾತಿಗೆಂದು ಹಿಂದೆ ತೆಗೆಸಿಟ್ಟದ್ದು. ಅದನ್ನು ಪಕ್ಕದಲ್ಲಿಟ್ಟು ಅತ್ತಿಗೆ ಮೂಗಿನಿಂದ ಬಾಲದವರೆಗೆ ಒಂದೊಂದೇ ಸೀಮೆ ಹೋಲಿಸುತ್ತ ಹೋದಳು. ನಕಲಿನಲ್ಲಿ ಬೆಕ್ಕು ಮಲಗಿತ್ತು. ಗುಡ್ಡ, ಹೊಳೆ, ಬಂದರು, ಎಲ್ಲವೂ ತಾಳೆಯಾದವು. ಬಾಲದ ತುದಿಗೆ ಬಂದಾಗ ಆಕೆಯ ಬೆರಳು ನಿಂತಿತು.

ಬಾಲದಾಚೆಯ ಕಡಲಿನ ಬಣ್ಣ ಉಳಿದ ಕಡಲಿಗಿಂತ ಒಂದಿಷ್ಟು ತೆಳುವಾಗಿತ್ತು. ಕಾಗದ ತಿರುವಿದಳು. ಹಿಂಬದಿಯಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ತೇಪೆ. ಬೆರಳಿನಿಂದ ಸವರಿ ಮೂಸಿದಳು. ಹಿಟ್ಟಿನ ಅಂಟು.

"ನಿಮ್ಮ ಅಣ್ಣನ ಮಗ ಇವತ್ತು ಇಲ್ಲಿಗೆ ಬಂದಿದ್ದಾನಾ ಮೇಷ್ಟ್ರೇ?"

"ಬಣ್ಣಪ್ಪನಾ? ಹಿತ್ತಲಲ್ಲಿ ಕುಂಚ ತೊಳೀತಿದ್ದಾನೆ."

ಗೆರೆ ಮೇಷ್ಟ್ರದು, ಬಣ್ಣ ಬಣ್ಣಪ್ಪನದು. ಈ ಮನೆಯಲ್ಲಿ ಕೆಲಸ ಹಂಚಿಕೊಂಡದ್ದು ಹಾಗೆ. ಆತನಿಗೂ ಮೂವತ್ತೈದು ದಾಟಿತ್ತು. ಚಿಕ್ಕಪ್ಪ ಎಳೆದ ಗೆರೆಯೊಳಗೆ ಕಡಲು, ಕಾಡು, ಮೋಡ ತುಂಬುವುದರಲ್ಲಿ ಎತ್ತಿದ ಕೈ, ಆದರೆ ಸ್ವಂತವಾಗಿ ಒಂದು ಕೊಡೆ ಬರೆ ಎಂದರೂ ಅದು ಅಣಬೆಯ ಹಾಗೆ ಬರುತ್ತಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವನು ಮೇಜಿನ ಕಡೆ ತಿರುಗಿ, "ಅಬ್ಬ, ಸಿಕ್ತಾ," ಎಂದ. ಅದನ್ನು ಒಂದು ಉಸಿರು ಮೊದಲೇ ಹೇಳಿಬಿಟ್ಟಿದ್ದ. ಮೇಜಿನ ಮೇಲಿದ್ದ ನಕ್ಷೆಯನ್ನು ಇನ್ನೂ ಸರಿಯಾಗಿ ನೋಡಿರಲೇ ಇಲ್ಲ.

"ಕೂತ್ಕೊಳ್ಳಿ ಬಣ್ಣಪ್ಪ," ಎಂದಳು ಅತ್ತಿಗೆ. "ಒಂದು ಲೆಕ್ಕ ತಪ್ತಾ ಇದೆ, ಸ್ವಲ್ಪ ನೋಡಿ ಹೇಳಿ. ಈ ಹಳೇ ನಕಲಿನಲ್ಲಿ ಬಾಲದ ಹತ್ತಿರ ಎಷ್ಟು ದೋಣಿ?"

ಬಣ್ಣಪ್ಪ ಬಗ್ಗಿ ನೋಡಿದ. "ಐದು."

"ಇದರಲ್ಲಿ?"

ಈ ಸಲ ಆತ ಬಗ್ಗಲಿಲ್ಲ. "ನಾಲ್ಕಿರಬೇಕು."

"ಇರಬೇಕು ಅಲ್ಲ, ನಾಲ್ಕೇ ಇದೆ. ಐದನೇದು ಎಲ್ಲಿ ಮುಳುಗಿತು?"

ಬಣ್ಣಪ್ಪ ನೀಲಿ ಬಣ್ಣ ಹತ್ತಿದ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ. ಚಿಕ್ಕಪ್ಪನ ಮುಖ ನೋಡಿದ, ಬಾಗಿಲಲ್ಲಿದ್ದ ಚಿಕ್ಕಮ್ಮನ ಮುಖ ನೋಡಿದ, ಎಲ್ಲೂ ಆಸರೆ ಸಿಗದೆ ನೆಲ ನೋಡಿದ.

"ಚಹಾದಲ್ಲಿ," ಎಂದ.

"ಏನು?" ಎಂದರು ಮೇಷ್ಟ್ರು.

"ಚಹಾದಲ್ಲಿ ಮುಳುಗಿತು ಚಿಕ್ಕಪ್ಪ. ಲೋಟ ಒಳಗೆ ತಂದಿದ್ದೆ. ತರಬಾರದು ಅಂತ ಗೊತ್ತು. ಒಂದೇ ಒಂದು ಸಲ."

"ನನ್ನ ಕಡಲಿಗೆ ಚಹಾ ಚೆಲ್ಲಿದೆಯಾ?"

"ಬಾಲದ ಕಡೆ ಮಾತ್ರ. ನೀವು ಮಲಗಿದ್ರಿ. ಏನು ಮಾಡೋದು ತೋಚಲಿಲ್ಲ, ನಮ್ಮ ಮನೆಗೆ ಎತ್ಕೊಂಡು ಹೋದೆ. ತೊಳೆದೆ, ಕಾಗದ ಹರಿಯೋ ಹಾಗಾಯ್ತು, ತೇಪೆ ಹಾಕಿದೆ, ಇಸ್ತ್ರಿ ಹಾಕಿ ಒಣಗಿಸಿದೆ, ಬಣ್ಣ ತುಂಬಿದೆ. ಎಲ್ಲ ಬಂತು, ದೋಣಿ ಬರೆಯೋಕೆ ಬರಲಿಲ್ಲ. ನಾಲ್ಕು ಸಲ ಬೇರೆ ಹಾಳೇಲಿ ಬರೆದು ನೋಡಿದೆ. ಚಪ್ಪಲಿ ಥರ ಬಂತು. ಅದಕ್ಕೇ ಬಿಟ್ಟುಬಿಟ್ಟೆ."

ಮೇಷ್ಟ್ರು ಬೈಯಲು ಬಾಯಿ ತೆರೆದರು. ಅಣ್ಣನ ಮಗ ಒಂದು ವಾರ ತನ್ನ ಮನೆಯಲ್ಲಿ ಅಡಗಿ ಕೂತು, ಕಡಲು ಇಸ್ತ್ರಿ ಮಾಡಿ, ಚಪ್ಪಲಿಯಂಥ ದೋಣಿಗಳನ್ನು ಬರೆದು ಹರಿದುಹಾಕಿದ್ದನ್ನು ನೆನೆಸಿಕೊಂಡರೋ ಏನೋ, ಬಾಯಿ ಹಾಗೇ ಮುಚ್ಚಿತು. "ನನ್ನ ಕೇಳಿದ್ರೆ ನಾನೇ ಬರೆದುಕೊಡ್ತಿದ್ನಲ್ಲೋ," ಎಂದರು ಕೊನೆಗೆ.

"ಅಂದ್ರೆ ಕಳ್ಳ ಸಿಕ್ಕಿದ," ಎಂದು ಪ್ರಕಾಶಕರು ಎದ್ದುನಿಂತರು. "ಇನ್ನು ಪ್ರೆಸ್ಸಿಗೆ ಹೊರಡೋಣ."

"ಕೂತ್ಕೊಳ್ಳಿ," ಎಂದಳು ಅತ್ತಿಗೆ. "ದೋಣಿ ಬರೆಯೋಕೆ ಬಾರದವರು ಕೋಳಿ ಹೇಗೆ ಬರೀತಾರೆ? ಬಣ್ಣಪ್ಪ, ಕಣ್ಣು ಯಾರು ಬಿಡಿಸಿದ್ದು?"

ಬಣ್ಣಪ್ಪ ಈಗ ಮೊದಲ ಬಾರಿಗೆ ನೇರವಾಗಿ ಆಕೆಯನ್ನು ನೋಡಿದ.

"ಅದನ್ನೇ ನಾನೂ ಕೇಳಬೇಕು ಅಂತಿದ್ದೆ. ಬಾಲದ ಕಡೆ ಕಡಲಿಗೆ ಇನ್ನೊಂದು ಕೈ ನೀಲಿ ಕೊಡೋಣ ಅಂತ ಡ್ರಾಯರಿಂದ ನಕ್ಷೆ ತೆಗೆದು ಹರಡಿದೆ. ನೋಡ್ತೀನಿ, ಬೆಕ್ಕು ನನ್ನನ್ನೇ ಗುರಾಯಿಸ್ತಾ ಇದೆ. ಕೈ ಹಾರಿತು, ಲೋಟ ಬಿತ್ತು. ಇಲ್ಲಾಂದ್ರೆ ನಾನು ಚಹಾ ಚೆಲ್ಲೋನಾ?"

"ಸುಳ್ಳು ಹೇಳ್ಬೇಡ," ಎಂದರು ಮೇಷ್ಟ್ರು.

"ತಡೀರಿ," ಎಂದು ಅತ್ತಿಗೆ ಮತ್ತೆ ಎರಡೂ ಕನ್ನಡಕ ಏರಿಸಿದಳು.

ದೊಡ್ಡ ಕಲೆಯನ್ನು ಬಣ್ಣಪ್ಪ ತೊಳೆದಿದ್ದ. ಆದರೆ ಲೋಟ ಬಿದ್ದಾಗ ಹನಿಗಳು ದೂರ ಸಿಡಿಯುತ್ತವೆ. ಎಲ್ಲವೂ ಕಣ್ಣಿಗೆ ಬೀಳುವುದಿಲ್ಲ. ಆಕೆ ಬಾಲದಿಂದ ಹೊಟ್ಟೆ, ಹೊಟ್ಟೆಯಿಂದ ಮುಂಗಾಲು, ಅಲ್ಲಿಂದ ಮುಖದವರೆಗೆ ಹುಡುಕುತ್ತ ಬಂದಳು. ಸರೋವರದ ದಡದಲ್ಲಿ ಸಿಕ್ಕಿತು: ಸೂಜಿಯ ತಲೆಯಷ್ಟು ಕಂದು ಚುಕ್ಕೆ, ಹಾಸಿಗೆ ಹೊತ್ತವನ ಕಾಲ ಮೇಲೆ. ಅಷ್ಟು ಜಾಗದಲ್ಲಿ ಮಾತ್ರ ಆತನ ಕಾಲಿನ ಮಸಿ ಕರಗಿ, ಚುಕ್ಕೆಯ ಅಂಚಿನವರೆಗೆ ಹರಡಿತ್ತು.

ಅತ್ತಿಗೆಯ ಮುಖ ಅರಳಿತು. ನೇರವಾಗಿದ್ದ ಪ್ರಕರಣವೊಂದು ಕವಲೊಡೆದಾಗ ಆಕೆಗೆ ಆಗುವ ಸಂತೋಷವನ್ನು ಮೈದುನ ಎಷ್ಟೋ ಸಲ ಆಡಿಕೊಂಡಿದ್ದುಂಟು.

"ನಿಮ್ಮ ಬಣ್ಣಪ್ಪ ನಿಜ ಹೇಳ್ತಿದ್ದಾನೆ ಮೇಷ್ಟ್ರೇ. ಚಹಾ ಬಿದ್ದು ಮಸಿ ಕರಗಿದೆ. ಅಂದ್ರೆ ಚಹಾಕ್ಕಿಂತ ಮುಂಚೆ ಈ ಜನ ಇಲ್ಲಿದ್ರು. ನಕ್ಷೆ ಮನೆಯಿಂದ ಹೊರಗೆ ಹೋಗೋಕೆ ಮೊದಲೇ ಬೆಕ್ಕು ಎದ್ದಾಗಿತ್ತು. ಇದೇ ಮನೆಯಲ್ಲಿ, ಇದೇ ಮೇಜಿನ ಮೇಲೆ."

"ಯಾಕಮ್ಮ, ಯಾರು ಮಾಡ್ತಾರೆ ಹಾಗೆ?"

ಅತ್ತಿಗೆ ಉತ್ತರಿಸುವ ಮೊದಲೇ ಹೊರಗೆ ಸ್ಕೂಟರು ಬಂದು ನಿಂತ ಸದ್ದಾಯಿತು. ನಿಂತಿತು ಅನ್ನುವುದಕ್ಕಿಂತ, ಗೋಡೆಗೆ ಒರಗಿತು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಮೈದುನ ಏದುಸಿರು ಬಿಡುತ್ತ ಒಳಗೆ ನುಗ್ಗಿ ಬಂದ, ಕೈಯಲ್ಲೊಂದು ಹೊಚ್ಚಹೊಸ ಕೊಡೆ.

"ಭೂತಗನ್ನಡಿ ಎಲ್ಲೋ?"

"ಮರೆತೆ ಅತ್ತಿಗೆ. ಮೊದಲು ಇದನ್ನು ನೋಡಿ. ಪೇಟೆ ಮೂಲೇಲಿ ಗಾಡಿ ತುಂಬ ಮಾರ್ತಿದ್ದಾರೆ, ಜನ ಮುಗಿಬಿದ್ದಿದ್ದಾರೆ." ಹೇಳುತ್ತಲೇ ಗುಂಡಿ ಒತ್ತಿದ.

ಕೋಣೆಯ ನಡುವೆ ಬೆಕ್ಕಿನ ನಾಡು ಫಟ್ಟೆಂದು ಅರಳಿತು.

ಅದೇ ಪರ್ವತಸಾಲು, ಅದೇ ಬೆಚ್ಚನೆ ಸೀಮೆ, ಅದೇ ಬಂದರು. ಕೊಡೆಯ ಬಟ್ಟೆಯ ಮೇಲೆ ಬೆಕ್ಕು ಹಸಿರು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಹಾಸಿಗೆಯವನು, ಕುರ್ಚಿಯವಳು, ಕೋಳಿಯ ಮುದುಕ, ಎಲ್ಲರೂ ಇಲ್ಲಿ ದೊಡ್ಡವರಾಗಿ, ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದರು.

ಪ್ರಕಾಶಕರ ಕಾಲು ಅಲ್ಲಾಡುವುದು ನಿಂತಿತು. "ಮೇಷ್ಟ್ರೇ, ನಮ್ಮ ಪುಸ್ತಕ ಬರೋಕೆ ಮುಂಚೆ ಈ ನಕ್ಷೆ ಬೇರೆ ಎಲ್ಲೂ ಬರಬಾರದು ಅಂತ ಮಾತಾಗಿತ್ತು. ಇದು ಬೀದೀಲಿ ಬಂದಿದೆ ಅಂದ್ರೆ ನಾನು ಅಚ್ಚು ಹಾಕೋದು ಹೇಗೆ? ಒಂಬತ್ತು ವರ್ಷದ್ದು ನೀರಿಗೆ ಹೋದ ಹಾಗೆ."

ಮೇಷ್ಟ್ರು ಕುರ್ಚಿ ತಡಕಿಕೊಂಡು ಕೂತರು. ಬಣ್ಣಪ್ಪ ಅವರ ಭುಜ ಹಿಡಿದು ನಿಂತ. ಅತ್ತಿಗೆಗೆ ಇಷ್ಟು ಹೊತ್ತು ತಮಾಷೆಯಾಗಿ ಕಂಡದ್ದೆಲ್ಲ ಒಮ್ಮೆಲೇ ಭಾರವಾಯಿತು. ಈ ಮುದುಕರಿಗೆ ಇನ್ನೊಂದು ಒಂಬತ್ತು ವರ್ಷವೂ, ಆ ಗೆರೆ ಎಳೆಯುವ ಕೈಯೂ ಮತ್ತೆ ಸಿಗುವಂಥದ್ದಲ್ಲ.

ಆಕೆ ಕೊಡೆಯ ಕೆಳಗೆ ಸುತ್ತು ಬಂದು ಬಾಲದ ಕಡೆ ದೋಣಿಗಳನ್ನು ಎಣಿಸಿದಳು. ಐದು.

"ಕಣ್ಣು ಬಿಟ್ಟಿದೆ, ಐದೂ ದೋಣಿ ಇವೆ. ಕಣ್ಣು ಬರೆದ ಮೇಲೆ, ಚಹಾ ಚೆಲ್ಲೋಕೆ ಮುಂಚೆ ಯಾರೋ ಇದರ ಫೋಟೋ ತೆಗೆದಿದ್ದಾರೆ. ಆಗ ನಕ್ಷೆ ಈ ಮನೆಯಲ್ಲೇ ಇತ್ತು."

"ಅತ್ತಿಗೆ, ಇಲ್ಲಿ ಅಂಚಿನಲ್ಲಿ ನೋಡಿ," ಎಂದು ಮೈದುನ ಕೊಡೆ ತಿರುಗಿಸಿದ. "ಇದು ಆ ನಕ್ಷೇಲಿ ಇಲ್ಲ."

ಬಾಲದಾಚೆ, ಕಾಗದದ ನಕ್ಷೆ ಮುಗಿಯುವ ಕಡೆ, ಕೊಡೆಯ ಕಡಲು ಇನ್ನೂ ಮುಂದುವರಿದಿತ್ತು. ಅಲ್ಲೊಂದು ಪುಟ್ಟ ದ್ವೀಪ, ಇಲಿಯ ಆಕಾರದ್ದು. ಅದರ ಮನೆಗಳಿಗೆಲ್ಲ ಚಕ್ರಗಳಿದ್ದವು.

ಮೇಷ್ಟ್ರು ಮೆಲ್ಲಗೆ ಎದ್ದು ಹತ್ತಿರ ಬಂದರು. ಬೆರಳಿನಿಂದ ಇಲಿಯ ಬೆನ್ನು ಮುಟ್ಟಿದರು.

"ಇದನ್ನ ನಾನಿನ್ನೂ ಬರೆದೇ ಇಲ್ಲ," ಎಂದರು. "ಎರಡನೇ ಪುಸ್ತಕಕ್ಕೆ ಅಂತ ತಲೇಲಿ ಇಟ್ಕೊಂಡಿದ್ದು. ಇಲಿ ನಿದ್ದೆ ಮಾಡಲ್ಲ, ಅದಕ್ಕೇ ಅಲ್ಲಿ ಮನೆಗಳಿಗೆ ಚಕ್ರ. ಒಂದು ಗೆರೆ ಕೂಡ ಕಾಗದದ ಮೇಲೆ ಇಟ್ಟಿಲ್ಲ."

"ಯಾರಿಗಾದ್ರೂ ಹೇಳಿದ್ರಾ?"

"ಒಬ್ಬರಿಗೇ."

"ಬಣ್ಣಪ್ಪನಿಗಾ?"

"ನನಗೆ ಗೊತ್ತೇ ಇಲ್ಲ," ಎಂದ ಬಣ್ಣಪ್ಪ.

ಮೇಷ್ಟ್ರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಚಹಾದ ತಟ್ಟೆ ಹೊಸ್ತಿಲಾಚೆ ನೆಲದ ಮೇಲಿತ್ತು, ಲೋಟಗಳಲ್ಲಿ ಚಹಾ ಆರಿ ಕೆನೆಗಟ್ಟಿತ್ತು. ತಟ್ಟೆ ಹಿಡಿದಿದ್ದವರು ಇರಲಿಲ್ಲ. ಎಳ್ಳಿಗಿಂತ ಸಣ್ಣ ಕೋಳಿಯನ್ನು ಹೊಸ್ತಿಲಾಚೆಯಿಂದಲೇ ಕಂಡವರು ಯಾರೆಂದು ಅತ್ತಿಗೆಗೆ ಈಗ ನೆನಪಾಯಿತು.

ಹೊರಗೆ ಗುಡುಗುಡು ಅನ್ನುತ್ತಿದ್ದ ಇಂಜಿನ್ ಒಮ್ಮೆಲೇ ಜೋರಾಗಿ ಗರ್ಜಿಸಿತು.

"ನನ್ನ ಸ್ಕೂಟರ್," ಎಂದು ಮೈದುನ ಕೊಡೆ ಬಿಟ್ಟು ಕಿಟಕಿಗೆ ಹಾರಿದ. ಅತ್ತಿಗೆ ಆಗಲೇ ಅಲ್ಲಿದ್ದಳು.

ಬೀದಿಯಲ್ಲಿ ಮೇಷ್ಟ್ರ ಹೆಂಡತಿ ಮೈದುನನ ಹೆಲ್ಮೆಟ್ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಾಣದ ಹಾಗೆ ಹೋಗುತ್ತಿದ್ದರು. ಹೆಗಲಲ್ಲಿ ಯಾರೂ ಆ ಮನೆಯಲ್ಲಿ ಕಂಡಿರದ ಒಂದು ಚರ್ಮದ ಚೀಲ. ಅದರ ಬಾಯಿಂದ ಸಣ್ಣ ದೊಡ್ಡ ಕುಂಚಗಳ ಹಿಡಿಗಳು ಹೊರಗೆ ಇಣುಕುತ್ತಿದ್ದವು. ಬೀದಿಯ ತಿರುವಿನಲ್ಲಿ ಎಡಗೈ ಚಾಚಿ ಶಿಸ್ತಾಗಿ ಸನ್ನೆ ಕೊಟ್ಟು, ಎದುರಿನ ಬಸ್ಸಿಗೆ ದಾರಿ ಬಿಟ್ಟು, ಕಣ್ಮರೆಯಾದರು.

ಮೇಷ್ಟ್ರು ಕಿಟಕಿಯ ಸರಳು ಹಿಡಿದು, ಖಾಲಿ ತಿರುವನ್ನೇ ನೋಡುತ್ತ ನಿಂತರು.

"ಅವಳಲ್ಲ ಅದು," ಎಂದರು. "ಅವಳಿಗೆ ಸ್ಕೂಟರ್ ಓಡಿಸೋಕೆ ಬರಲ್ಲ."